ಒಂದೇ ಶ್ವಾಸಕೋಶದಲ್ಲಿ 30 ವರ್ಷ

ಒಂದ್ಸಲ ಜೋರಾಗಿ ಉಸಿರು ಎಳ್ಕೊಳ್ಳಿ. ಎದೆ ಎರಡೂ ಕಡೆ ಉಬ್ಬಿತಲ್ವಾ? ಈಗ ಅದರಲ್ಲಿ ಒಂದು ಕಡೆ ಪೂರ್ತಿ ಖಾಲಿ ಅಂದ್ಕೊಳ್ಳಿ. ಇವತ್ತಿನ ಕಥೆ ಆ ಖಾಲಿ ಜಾಗದ್ದು.

1933ರ ಏಪ್ರಿಲ್ 5. ಅಮೆರಿಕದ ಸೇಂಟ್ ಲೂಯಿಸ್ ನಗರದ ಬಾರ್ನ್ಸ್ ಆಸ್ಪತ್ರೆ. ಪೇಷಂಟ್ ಕೂಡ ಒಬ್ಬ ಡಾಕ್ಟರೇ: ಪಿಟ್ಸ್‌ಬರ್ಗ್‌ನಲ್ಲಿ ಹೆರಿಗೆ ಮಾಡಿಸುತ್ತಿದ್ದ ಜೇಮ್ಸ್ ಗಿಲ್ಮೋರ್. ಎಡ ಶ್ವಾಸಕೋಶದಲ್ಲಿ ಕ್ಯಾನ್ಸರ್. ಆಪರೇಷನ್‌ಗೆ ಮುಂಚೆ ಅವರು ತಮ್ಮ ಸಮಾಧಿಗೆ ಜಾಗ ಕೊಂಡಿಟ್ಟಿದ್ದರು ಅಂತ ಹೇಳ್ತಾರೆ.

ಸರ್ಜನ್ ಇವಾರ್ಟ್ಸ್ ಗ್ರಹಾಂ ಒಂದು ಭಾಗವನ್ನಷ್ಟೇ ತೆಗೆಯೋಣ ಅಂತ ಎದೆ ತೆರೆದರು. ಆದರೆ ಇಡೀ ಶ್ವಾಸಕೋಶ ತೆಗೆಯದೆ ಗಡ್ಡೆ ಹೋಗುವಂತಿರಲಿಲ್ಲ. ಕ್ಯಾನ್ಸರ್‌ಗಾಗಿ ಒಂದೇ ಸಲಕ್ಕೆ ಇಡೀ ಶ್ವಾಸಕೋಶ ತೆಗೆಸಿಕೊಂಡು ಯಾರೂ ಅದುವರೆಗೆ ಚೇತರಿಸಿಕೊಂಡಿರಲಿಲ್ಲ. ಶ್ವಾಸಕೋಶಕ್ಕೆ ಹೋಗುವ ದೊಡ್ಡ ರಕ್ತನಾಳವನ್ನು ಸ್ವಲ್ಪ ಹೊತ್ತು ಬಿಗಿಹಿಡಿದು ನೋಡಿದರು. ಗಿಲ್ಮೋರ್ ತಡ್ಕೊಂಡರು. ಗ್ರಹಾಂ ಮುಂದುವರಿದರು.

ಶ್ವಾಸಕೋಶ ತೆಗೆದಾಯ್ತು. ಆ ಖಾಲಿ ಜಾಗ ಏನು ಮಾಡೋದು? ಅಲ್ಲಿ ಕೀವು ತುಂಬಿದರೆ ಪ್ರಾಣಕ್ಕೇ ಅಪಾಯ. ಆಗ ಆಂಟಿಬಯಾಟಿಕ್‌ಗಳ ಕಾಲ ಇನ್ನೂ ಬಂದಿರಲಿಲ್ಲ. ಅದಕ್ಕೇ ಗ್ರಹಾಂ ಏಳು ಪಕ್ಕೆಲುಬು ತೆಗೆದು, ಎದೆಯ ಗೋಡೆಯೇ ಒಳಗೆ ಕುಸಿದು ಜಾಗ ಮುಚ್ಚೋ ಹಾಗೆ ಮಾಡಿದರು.

ಈಗ ಸಾಮಾನ್ಯವಾಗಿ ಹಾಗೆ ಪಕ್ಕೆಲುಬು ತೆಗೆಯಲ್ಲ. ದೇಹವೇ ಜಾಗ ತುಂಬಿಕೊಳ್ಳುತ್ತೆ: ದ್ರವ ಸೇರುತ್ತೆ, ವಪೆ ಮೇಲೇರುತ್ತೆ, ಹೃದಯ ಆ ಕಡೆ ಸರಿಯುತ್ತೆ. ಆದರೆ ತುಂಬಾ ಸರಿದರೆ ಉಳಿದ ಶ್ವಾಸನಾಳವೇ ಒತ್ತಿಹೋಗಿ ಉಸಿರು ಕಟ್ಟಬಹುದು. ಇನ್ನೊಂದು ಅಪಾಯ, ಉಳಿದ ಶ್ವಾಸಕೋಶದಲ್ಲೇ ನೀರು ತುಂಬೋದು. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಎತ್ತಿ ತೋರಿಸಿ, ಆಪರೇಷನ್ ಸಮಯದಲ್ಲಿ ಡ್ರಿಪ್ ಜಾಸ್ತಿ ಹೋದರೆ ಅಪಾಯ ಹೆಚ್ಚು ಅಂತ ಎಚ್ಚರಿಸಿತು. ಅದಕ್ಕೇ ಇವತ್ತು ಇಂಥ ಪೇಷಂಟ್‌ಗೆ ಡ್ರಿಪ್ ಅಳೆದು ಅಳೆದು ಕೊಡ್ತಾರೆ.

ಗಿಲ್ಮೋರ್ ಮತ್ತೆ ಕೆಲಸಕ್ಕೆ ಹೋದರು. 1963ರವರೆಗೂ ಬದುಕಿದರು.

ಗ್ರಹಾಂ? ಅವರು ಸಿಗರೇಟ್ ಸೇದುತ್ತಿದ್ದರು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರ್‌ಗೂ ಸಂಬಂಧ ಇದೆ ಅನ್ನೋದನ್ನ ಮೊದಮೊದಲು ಅವರು ನಂಬಿರಲಿಲ್ಲ. ಆದರೆ 1950ರಲ್ಲಿ ಅರ್ನ್ಸ್ಟ್ ವಿಂಡರ್ ಜೊತೆ ಸೇರಿ, 684 ಕ್ಯಾನ್ಸರ್ ಪೇಷಂಟ್‌ಗಳ ಅಧ್ಯಯನದಿಂದ ಆ ಸಂಬಂಧವನ್ನ ತೋರಿಸಿದವರೂ ಅವರೇ. ಆಮೇಲೆ ಸಿಗರೇಟ್ ಬಿಟ್ಟರು. ತಡವಾಗಿತ್ತು. 1957ರಲ್ಲಿ ಅದೇ ಕಾಯಿಲೆಯಿಂದ ತೀರಿಕೊಂಡರು. ಎರಡೂ ಶ್ವಾಸಕೋಶಕ್ಕೆ ಹರಡಿತ್ತು, ಅವರು ಕಲಿಸಿಕೊಟ್ಟ ಆಪರೇಷನ್ ಅವರಿಗೇ ಉಪಯೋಗಕ್ಕೆ ಬರಲಿಲ್ಲ.

ಆ ದಿನ ಒಂದೇ ಶ್ವಾಸಕೋಶದ ಗಿಲ್ಮೋರ್ ಇನ್ನೂ ಉಸಿರಾಡ್ತಿದ್ದರು.

ನಿಮ್ಮ ಮನೇಲಿ ಯಾರಿಗಾದ್ರೂ ಇಂಥ ಆಪರೇಷನ್ ಆಗಿದ್ದು, ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದರೆ "ಸರಿಹೋಗುತ್ತೆ" ಅಂತ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.