ನಂದಿಯ ನೆತ್ತಿ ಮತ್ತು ಕೆರೆಯಂಗಳದ ಬೇಸಿಗೆ

ವರ್ಷವಿಡೀ ಹರಿಯುವ ನದಿಯಿಲ್ಲದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯಲ್ಲಿ, ಒಂದರ ಕೋಡಿ, ಅಂದರೆ ಹೆಚ್ಚುವರಿ ನೀರು ಹೊರಬೀಳುವ ದಾರಿ, ಇನ್ನೊಂದನ್ನು ತುಂಬುವಂತೆ ಕಟ್ಟಿದ ಸರಣಿ ಕೆರೆಗಳೇ ಬರಕ್ಕೂ ನೆರೆಗೂ ಜನರು ಕಂಡುಕೊಂಡಿದ್ದ ಪರಿಹಾರವಾಗಿದ್ದವು. ಮೇಲಿನ ಕೆರೆಯ ಏರಿ ಒಡೆದರೆ ಕೆಳಗಿನವೂ ಸಾಲಾಗಿ ಒಡೆಯುವ ಭಯವಿದ್ದುದರಿಂದ, ನೆರೆ ತಡೆಯುವ ಕೆಲಸವು ಮಳೆಗಾಲದಲ್ಲಲ್ಲ, ಬೇಸಿಗೆಯಲ್ಲೇ ನಡೆಯುತ್ತಿತ್ತು. ಬಿರುಕುಬಿಟ್ಟ ಕೆರೆಯಂಗಳದ ಗೋಡುಮಣ್ಣನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುವುದು, ಏರಿಯಲ್ಲಿ ಹೆಗ್ಗಣ ತೋಡಿದ ಬಿಲಗಳನ್ನು ಜೇಡಿಮಣ್ಣಿನಿಂದ ಗಿಡಿದು ಮುಚ್ಚುವುದು, ಕೋಡಿಗೆ ಅಡ್ಡವಾದ ಜಾಲಿಯನ್ನು ಕಡಿಯುವುದು ಸುಗ್ಗಿ ಮುಗಿದ ಮೇಲಿನ ಬಿಡುವಿನ ದುಡಿಮೆಯಾಗಿದ್ದು, ತೂಬು ತೆರೆದು ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಗೆ ಬೆಳೆಯಲ್ಲಿ ಪಾಲು ಸಲ್ಲುತ್ತಿತ್ತು.

ಅದೇ ಬೇಸಿಗೆಯನ್ನು ಬೆಟ್ಟದ ಮೇಲೆ ಕಳೆದವರ ಚರಿತ್ರೆ ಬೇರೆಯೇ. ಈ ಸೀಮೆಯ ನಂದಿಬೆಟ್ಟದಲ್ಲಿ ಟಿಪ್ಪು ಸುಲ್ತಾನನ ವಿಹಾರಗೃಹವಿತ್ತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅಲ್ಲಿ ತಂಪು ಅರಸಿದನು. ಇಂದು ಬೆಂಗಳೂರಿಗರು ವಾರಾಂತ್ಯಕ್ಕೆ ಬರುತ್ತಾರೆ; 2021ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಬೆಟ್ಟದ ರಸ್ತೆ ಕೆಲವು ತಿಂಗಳು ಮುಚ್ಚಿತ್ತು.

ಬೆಟ್ಟದ ಕೆಳಗೆ, ಕೆರೆಗಳ ಹೂಳೆತ್ತುವ ಊರೊಟ್ಟಿನ ಹೊಣೆ ಇಲಾಖೆಗಳ ಕೈಸೇರಿ, ಕೆರೆಗಳನ್ನು ಬೆಸೆಯುವ ರಾಜಕಾಲುವೆಗಳು ಒತ್ತುವರಿಯಾದದ್ದರ ಪರಿಣಾಮವೂ ಅದೇ ವರ್ಷ ಕಂಡಿತು. ನವೆಂಬರ್‌ನಲ್ಲಿ ಉತ್ತರ ಪಿನಾಕಿನಿ ನದಿ ತುಂಬಿ ಹರಿಯಿತು; ಕಂದವಾರ ಕೆರೆಯ ಕೋಡಿನೀರು ಚಿಕ್ಕಬಳ್ಳಾಪುರದ ತಗ್ಗು ಬಡಾವಣೆಗಳಿಗೆ ನುಗ್ಗಿತು. ಎಷ್ಟೋ ವರ್ಷ ಒಣಗಿದ್ದ ಕೆರೆಗಳಿಗೆ ಜನರು ಸಂಭ್ರಮದಿಂದ ಬಾಗಿನ ಅರ್ಪಿಸಿದ್ದೂ ಆ ಮಳೆಗಾಲದಲ್ಲಿಯೇ.