ಮನೆಯಂಗಳಕ್ಕೆ ಕಡಿಮೆ ಆರೈಕೆಯ ಹೂಗಿಡಗಳು: ಆಯ್ಕೆ ಮತ್ತು ನಿರ್ವಹಣೆ

ಹೊಸದಾಗಿ ಕೈತೋಟ ಆರಂಭಿಸುವವರು ಸಾಮಾನ್ಯವಾಗಿ ಸಸ್ಯಾಗಾರದಲ್ಲಿ ಆ ದಿನ ಹೂ ತುಂಬಿ ನಿಂತಿರುವ ಗಿಡವನ್ನೇ ಕೊಂಡು ತರುತ್ತಾರೆ. ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನದಲ್ಲಿ ಮನಸೆಳೆಯುವ ಗುಲಾಬಿ, ಡೇಲಿಯಾ ಮುಂತಾದವು ನುರಿತ ಮಾಲಿಗಳ ದಿನನಿತ್ಯದ ಆರೈಕೆಯಿಂದ ಅರಳಿದವುಗಳಾಗಿರುತ್ತವೆ. ಅಂತಹ ಗಿಡ ಮನೆಗೆ ಬಂದ ಒಂದೆರಡು ತಿಂಗಳಲ್ಲಿ ಸೊರಗಿದಾಗ, ತಮ್ಮ ಕೈಗುಣವೇ ಸರಿಯಿಲ್ಲವೆಂದು ಭಾವಿಸಿ ಕೈತೋಟವನ್ನೇ ಕೈಬಿಡುವವರು ಹಲವರು. ಬಹುತೇಕ ಸಂದರ್ಭಗಳಲ್ಲಿ ತಪ್ಪಿರುವುದು ಗಿಡದ ಆಯ್ಕೆಯಲ್ಲಿ. ನಾಲ್ಕಾರು ದಿನ ಮರೆತರೂ ಬದುಕುಳಿಯುವ ಗಿಡಗಳಿಂದ ಆರಂಭಿಸುವುದು ಸೂಕ್ತ.

ನೀರು ಮತ್ತು ಬಿಸಿಲು

ಆಯ್ಕೆಗೆ ಮುನ್ನ ನೀರಿನ ಲಭ್ಯತೆಯನ್ನು ಪರಿಗಣಿಸಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, ಉಲ್ಲಂಘನೆಗೆ 5,000 ರೂ. ದಂಡ ನಿಗದಿಪಡಿಸಿತ್ತು. ಅಕ್ಕಿ, ತರಕಾರಿ ತೊಳೆದ ನೀರಿನಲ್ಲಿಯೇ ಬೇಸಿಗೆ ಕಳೆಯಬಲ್ಲ ಗಿಡಗಳು ಇಂತಹ ಸಂದರ್ಭದಲ್ಲಿ ಉಳಿಯುತ್ತವೆ. ಜಾಗದ ಮೇಲೆ ದಿನಕ್ಕೆ ಎಷ್ಟು ಗಂಟೆ ನೇರ ಬಿಸಿಲು ಬೀಳುವುದೆಂಬುದನ್ನೂ ಗಮನಿಸಬೇಕು. ಬಹುತೇಕ ಹೂಗಿಡಗಳಿಗೆ ಐದಾರು ಗಂಟೆಗಳ ಬಿಸಿಲು ಅವಶ್ಯಕ.

ಸೂಕ್ತ ಗಿಡಗಳು

ಮೊದಲ ಗಿಡವಾಗಿ ದಾಸವಾಳಕ್ಕಿಂತ ಉತ್ತಮವಾದುದು ವಿರಳ. ಬಣ್ಣಬಣ್ಣದ ಹೈಬ್ರಿಡ್ ತಳಿಗಳಿಗಿಂತ ಹಳ್ಳಿಯ ಬೇಲಿಗಳಲ್ಲಿ ಕಾಣುವ ಐದು ಎಸಳಿನ ಕೆಂಪು ದಾಸವಾಳ ಹೆಚ್ಚು ಗಟ್ಟಿ. ಇದನ್ನು ಹಣ ಕೊಟ್ಟು ಕೊಳ್ಳಬೇಕಾದ ಅಗತ್ಯವೂ ಇಲ್ಲ. ಜೂನ್-ಜುಲೈ ತಿಂಗಳಲ್ಲಿ ನೆರೆಮನೆಯ ಗಿಡದಿಂದ ಪೆನ್ಸಿಲ್ ಗಾತ್ರದ, 15 ರಿಂದ 20 ಸೆಂ.ಮೀ. ಉದ್ದದ ಬಲಿತ ಕಡ್ಡಿಯನ್ನು ಪಡೆದು, ಕೆಳಗಿನ ಎರಡು ಗೆಣ್ಣುಗಳು ಮಣ್ಣಿನೊಳಗಿರುವಂತೆ ನೆರಳಿನಲ್ಲಿ ನೆಡಬೇಕು. ಚಿಗುರಿ ಬೇರು ಹಿಡಿದ ನಂತರ ಬಿಸಿಲಿಗೆ ಬದಲಾಯಿಸಬಹುದು. ಹೂವು ಒಂದೇ ದಿನ ಬಾಳಿದರೂ, ಹೊಸ ಚಿಗುರಿನಲ್ಲಿ ಮೊಗ್ಗು ಮೂಡುವುದರಿಂದ ಮಳೆಗಾಲ ಮುಗಿದ ಮೇಲೆ ರೆಂಬೆಗಳನ್ನು ಹಗುರವಾಗಿ ಸವರಿದಲ್ಲಿ ಹೂವಿಗೆ ಕೊರತೆಯಾಗದು. ಬಿಳಿ ಹಿಟ್ಟು ತಿಗಣೆಯ ಬಾಧೆ ಕಂಡುಬಂದಲ್ಲಿ ಬಾಧಿತ ಕುಡಿಯನ್ನು ಕತ್ತರಿಸಿ ತೆಗೆದು, ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಹಾಗೂ ಸ್ವಲ್ಪ ಸಾಬೂನು ದ್ರಾವಣ ಬೆರೆಸಿ ಸಂಜೆ ವೇಳೆ ಸಿಂಪಡಿಸಬೇಕು.

ಅರ್ಧ ದಿನ ನೆರಳಿರುವ ಜಾಗಕ್ಕೆ ನಂದಿಬಟ್ಟಲು ಸೂಕ್ತ. ಕಾಂಪೌಂಡ್ ಗೋಡೆಯ ಬಳಿ ಬಿಸಿಲು ಕಾಯುವ ಜಾಗಕ್ಕೆ ಬೋಗನ್‌ವಿಲ್ಲಾ ಹೊಂದುತ್ತದೆ. ಇದರ ಬಣ್ಣದ ಭಾಗ ಹೂವಲ್ಲ, ರೂಪಾಂತರಗೊಂಡ ಎಲೆ. ನಿಜವಾದ ಹೂವು ಅದರ ನಡುವೆ ಚಿಕ್ಕದಾಗಿ ಇರುತ್ತದೆ. ಹೂ ಬಿಡುತ್ತಿಲ್ಲವೆಂದು ನೀರು, ಗೊಬ್ಬರ ಹೆಚ್ಚಿಸಿದಲ್ಲಿ ದೊರೆಯುವುದು ಎಲೆ ಮತ್ತು ಮುಳ್ಳು ಮಾತ್ರ.

ನಿತ್ಯಪುಷ್ಪವು ವರ್ಷವಿಡೀ ಹೂ ಬಿಡುತ್ತದೆ, ಆಡು-ಕುರಿಗಳೂ ಇದನ್ನು ಮುಟ್ಟುವುದು ಕಡಿಮೆ. ಬುಡದಲ್ಲಿ ನೀರು ನಿಂತರೆ ಮಾತ್ರ ಬೇರು ಕೊಳೆಯುತ್ತದೆ. ಕ್ಯಾನ್ಸರ್ ಚಿಕಿತ್ಸೆಯ ವಿನ್‌ಕ್ರಿಸ್ಟೀನ್ ಔಷಧಿಯ ಮೂಲ ಇದೇ ಗಿಡವಾಗಿದ್ದು, ಆ ಕಾರಣಕ್ಕಾಗಿಯೇ ಮನೆಯಲ್ಲಿ ಇದರ ಎಲೆ ಅಗಿಯುವುದು, ಕಷಾಯ ಮಾಡಿ ಕುಡಿಯುವುದು ಅಪಾಯಕರ. ಬೇಗನೆ ಹೂ ಕಾಣಬಯಸುವವರು ಚೆಂಡುಹೂವಿನ ಬೀಜ ಬಿತ್ತಬಹುದು. ವಾರದೊಳಗೆ ಮೊಳೆತು, ಸುಮಾರು ಎರಡೂವರೆ ತಿಂಗಳಲ್ಲಿ ಹೂ ಬಿಡುತ್ತದೆ. ಬಳ್ಳಿ ಬೇಕೆನ್ನುವವರಿಗೆ ಶಂಖಪುಷ್ಪ ಉಂಟು. ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತಬೇಕು.

ಕರಾವಳಿ ಹಾಗೂ ಮಲೆನಾಡಿನಲ್ಲಿ ತಾನಾಗಿಯೇ ಬೆಳೆಯುವ ಕೇಪಳವನ್ನು ಸುಣ್ಣದಂಶ ಹೆಚ್ಚಿರುವ ಕಪ್ಪು ಮಣ್ಣಿನಲ್ಲಿ ನೆಟ್ಟರೆ ಕಬ್ಬಿಣದಂಶ ದೊರೆಯದೆ ಎಲೆಗಳು ಹಳದಿಯಾಗುತ್ತವೆ. ಒಂದೂರಿನ ಗಟ್ಟಿ ಗಿಡ ಇನ್ನೊಂದೂರಿನಲ್ಲಿಯೂ ಗಟ್ಟಿಯಾಗಿರಬೇಕೆಂದಿಲ್ಲ.

ಎಚ್ಚರಿಕೆ

ಕಣಗಿಲೆಯು ಬರವನ್ನು ಚೆನ್ನಾಗಿ ತಾಳಿಕೊಳ್ಳುವುದರಿಂದ ಹೆದ್ದಾರಿಗಳ ವಿಭಜಕಗಳಲ್ಲಿಯೂ ಇದನ್ನು ಬೆಳೆಸಲಾಗಿದೆ. ಆದರೆ ಇದರ ಎಲೆ, ಹೂ, ಕಾಂಡ, ಬೇರು ಎಲ್ಲವೂ ಹೃದಯದ ಮೇಲೆ ಪರಿಣಾಮ ಬೀರುವ ವಿಷ. ಹಳದಿ ಕಣಗಿಲೆಯ ಕಾಯಿಯೂ ಅಷ್ಟೇ ಅಪಾಯಕಾರಿ. ಚಿಕ್ಕ ಮಕ್ಕಳು, ಜಾನುವಾರುಗಳಿರುವ ಮನೆಯಲ್ಲಿ ಇವೆರಡನ್ನೂ ನೆಡಬಾರದು. ಸವರಿದ ರೆಂಬೆಗಳನ್ನು ದನಗಳು ತಿರುಗುವೆಡೆ ಎಸೆಯುವುದಾಗಲೀ ಸುಡುವುದಾಗಲೀ ಸಲ್ಲದು. ಯಾರಾದರೂ ಸೇವಿಸಿದ್ದಲ್ಲಿ ಮನೆಮದ್ದಿನಲ್ಲಿ ಕಾಲಹರಣ ಮಾಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಬಂಡೀಪುರ ಮತ್ತು ಬಿಳಿಗಿರಿರಂಗನ ಬೆಟ್ಟದ ಕಾಡುಗಳನ್ನು ಆವರಿಸಿರುವ ಲಂಟಾನವನ್ನು ಅಂದಕ್ಕಾಗಿಯೂ ತರಬಾರದು.

ನಾಟಿ ಮತ್ತು ನಿರ್ವಹಣೆ

ಮುಂಗಾರಿನ ಆರಂಭ ನಾಟಿಗೆ ಸಕಾಲ. ಪೊದೆ ಗಿಡಗಳಿಗೆ 45 ಸೆಂ.ಮೀ. ಉದ್ದ, ಅಗಲ ಮತ್ತು ಆಳದ ಗುಂಡಿ ಸಾಕು. ಕುಂಡಗಳಾದಲ್ಲಿ ಕೆಂಪು ಮಣ್ಣು, ಮರಳು ಹಾಗೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು 2:1:1ರ ಪ್ರಮಾಣದಲ್ಲಿ ಬೆರೆಸಿ ತುಂಬಬೇಕು. ತಳದ ರಂಧ್ರ ಮುಚ್ಚಿಹೋಗದಂತೆ ಹೆಂಚಿನ ಚೂರು ಇಡಬೇಕು. ಹೊಸಬರ ಗಿಡಗಳು ನೀರಿಲ್ಲದೆ ಸಾಯುವಂತೆಯೇ ಅತಿಯಾದ ನೀರಿನಿಂದಲೂ ಸಾಯುತ್ತವೆ. ಬೆರಳನ್ನು ಒಂದು ಅಂಗುಲ ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ನೀರುಣಿಸಬೇಕು. ಬುಡಕ್ಕೆ ತರಗೆಲೆ ಹೊದಿಸಿದಲ್ಲಿ ತೇವ ಬೇಗನೆ ಆರದು.

ಸಸಿಗಳು ಇಲಾಖೆಯ ಸಸ್ಯಾಗಾರಗಳಲ್ಲಿ ಲಭ್ಯತೆಗನುಗುಣವಾಗಿ ದೊರೆಯುತ್ತವೆ. ಕೊಳ್ಳುವಾಗ ಹೂವಿನ ಸಂಖ್ಯೆಯ ಬದಲು ಎಲೆಯ ಅಡಿಭಾಗ ಹಾಗೂ ಚೀಲದ ತಳವನ್ನು ಪರೀಕ್ಷಿಸುವುದು ಒಳಿತು. ಚೀಲದಾಚೆಗೆ ಬೇರು ದಪ್ಪವಾಗಿ ಇಳಿದಿರುವ ಹಳೆಯ ಸಸಿಗಳನ್ನು ಬಿಡುವುದು ಸೂಕ್ತ. ಸ್ಥಳೀಯ ಮಣ್ಣಿಗೆ ಹೊಂದುವ ಗಿಡಗಳ ಬಗ್ಗೆ ತಾಲ್ಲೂಕು ಮಟ್ಟದ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಬಹುದು.