‘ಬೋರ್ಡು’ ಶಬ್ದದ ಅರ್ಥಪರಂಪರೆ

ಇಂಗ್ಲಿಷಿನಿಂದ ಬಂದು ಕನ್ನಡದಲ್ಲಿ ನೆಲೆಯೂರಿದ ಶಬ್ದಗಳಲ್ಲಿ ‘ಬೋರ್ಡು’ ಎಂಬುದೊಂದು. ಅಂಗಡಿಯ ಮುಂದೆ ತೂಗುವುದೂ ಬೋರ್ಡು; ಪಾಠಶಾಲೆಯ ಗೋಡೆಯ ಮೇಲಿರುವುದೂ ಬೋರ್ಡು; ಪರೀಕ್ಷೆಗಳನ್ನು ನಡೆಯಿಸುವುದೂ ಬೋರ್ಡು. ಜಡವಾದ ಹಲಗೆಗೂ ಆಜ್ಞೆಯನ್ನು ಹೊರಡಿಸುವ ಸಭೆಗೂ ಒಂದೇ ಹೆಸರು ಬಂದುದು ಹೇಗೆಂಬುದು ವಿಚಾರಾರ್ಹವಾದ ವಿಷಯವು.

ಪ್ರಾಚೀನ ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ಮರದ ಹಲಗೆಯೆಂದರ್ಥ. ಹಡಗಿನ ಪಾರ್ಶ್ವಕ್ಕೂ ಯೋಧನ ಗುರಾಣಿಗೂ ಅದೇ ಹೆಸರಿದ್ದಿತು. ಸಂಸ್ಕೃತದ ‘ಫಲಕ’ ಶಬ್ದಕ್ಕೂ ಹಲಗೆ, ಗುರಾಣಿ ಎಂಬ ಎರಡರ್ಥಗಳುಂಟು; ಕನ್ನಡದ ‘ಹಲಗೆ’ಯು ಅದರ ತದ್ಭವವೇ. ಆದರೆ ಇಂಗ್ಲಿಷು ಶಬ್ದವು ಅಷ್ಟಕ್ಕೆ ನಿಲ್ಲಲಿಲ್ಲ. ಊಟಕ್ಕೆ ಹಾಕಿದ ಹಲಗೆಯು ಮೇಜೆನಿಸಿತು. ಮೇಜಿನ ಹೆಸರು ಅದರ ಮೇಲಣ ಅನ್ನಕ್ಕೆ ಸಂದು ‘ಬೋರ್ಡಿಂಗ್’ ಹುಟ್ಟಿತು. ಕಡೆಗೆ ಮೇಜಿನ ಸುತ್ತ ಕುಳಿತು ಆಲೋಚಿಸುವವರಿಗೇ ಅದು ಹೆಸರಾಯಿತು. ಮಂಚಿಕೆಯ ಮೇಲೆ ಕುಳಿತವರು ಕೂಗಿದರೆ ಮಂಚಿಕೆಗಳೇ ಕೂಗುತ್ತಿವೆಯೆನ್ನುವುದನ್ನು ಶಾಸ್ತ್ರಕಾರರು ಲಕ್ಷಣೆಯೆಂದು ಕರೆದಿರುವರಷ್ಟೆ. ‘ಬೋರ್ಡು ತೀರ್ಮಾನಿಸಿತು’ ಎಂಬ ಮಾತೂ ಅಂತಹುದೇ.

ಈ ಲಕ್ಷಣೆಯು ಕ್ರಮೇಣ ಭಾರತವನ್ನೂ ಆಳಿತು. 1784ರ ಪಿಟ್ಟನ ಶಾಸನದಿಂದ ಲಂಡನ್ನಿನಲ್ಲಿ ಸ್ಥಾಪಿತವಾದ ‘ಬೋರ್ಡ್ ಆಫ್ ಕಂಟ್ರೋಲ್’ 1858ರ ವರೆಗೆ ಈಸ್ಟ್ ಇಂಡಿಯಾ ಕಂಪೆನಿಯ ರಾಜ್ಯಭಾರದ ಮೇಲೆ ಹತೋಟಿಯನ್ನು ಹೊಂದಿದ್ದಿತು. 1786ರಲ್ಲಿ ಏರ್ಪಟ್ಟ ಮದರಾಸಿನ ರೆವಿನ್ಯೂ ಬೋರ್ಡಿನ ಅಧೀನಕ್ಕೆ ಮುಂದೆ ಬಳ್ಳಾರಿ ಸೀಮೆಯ ಕಂದಾಯವೂ ಸೇರಿತು. ಮೈಸೂರಿನಲ್ಲಾದರೋ ನಗರದ ರೈತರ ದಂಗೆಯ ತರುವಾಯ, 1831ರಲ್ಲಿ, ಆಡಳಿತವು ಮುಮ್ಮಡಿ ಕೃಷ್ಣರಾಜ ಒಡೆಯರ ಕೈತಪ್ಪಿ ಇಬ್ಬರು ಕಮಿಷನರುಗಳ ಬೋರ್ಡಿಗೆ ಸೇರಿತು. ಸಿಂಹಾಸನವಿದ್ದೆಡೆಗೆ ಹಲಗೆಯು ಬಂದಿತು! ಇಬ್ಬರ ಆಳಿಕೆಯು ಹೊಂದಿಬರಲಿಲ್ಲ. 1834ರಲ್ಲಿ ಅದನ್ನು ತೆಗೆದು ಒಬ್ಬನೇ ಕಮಿಷನರನನ್ನು ನಿಯಮಿಸಿದರು. ಅರಸುಮನೆತನಕ್ಕೆ ರಾಜ್ಯವು ಮರಳಿದುದು 1881ರಲ್ಲಿ.

ಅರಸನು ತಪ್ಪಿದರೆ ಪ್ರಜೆಗಳು ಅವನ ಹೆಸರು ಹಿಡಿದು ದೂರಬಲ್ಲರು, ಹಲಗೆಯನ್ನು ದೂರುವುದೆಂತು? ಹಲವರು ಕೂಡಿ ಆಲೋಚಿಸುವುದು ಒಬ್ಬನ ಇಚ್ಛೆಗಿಂತ ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆಲೋಚಿಸಿದವರು ಯಾರೆಂಬುದು ಪ್ರಜೆಗಳಿಗೆ ತಿಳಿದಿರಬೇಕು. ಕನ್ನಡಿಗರು ಈ ಶಬ್ದವನ್ನು ‘ಮಂಡಲಿ’ಯೆಂದು ಪರಿವರ್ತಿಸಿಕೊಂಡುದು ಉಚಿತವೇ ಆಯಿತು, ಅಲ್ಲಿ ಮರವು ಹೋಗಿ ಮನುಷ್ಯರು ಉಳಿದರು. ಇಂಗ್ಲಿಷಿನಲ್ಲಿ ‘ಬೋರ್ಡು’ ಶಬ್ದದ ಗುರಾಣಿಯೆಂಬ ಅರ್ಥವು ಲುಪ್ತವಾಗಿ ಬಹುಕಾಲವಾಯಿತು. ಆದರೂ ಹೆಸರು ಹೇಳಲೊಲ್ಲದವರು ‘ಇದು ಬೋರ್ಡಿನ ತೀರ್ಮಾನ’ವೆಂದು ಅದರ ಮರೆಯಲ್ಲಿ ನಿಂತಾಗಲೆಲ್ಲ ಆ ಹಳೆಯ ಅರ್ಥಕ್ಕೆ ಮರಳಿ ಜೀವ ಬರುತ್ತದೆ.